ಕಪ್ಪಿಗಾಡಿಗೆ ಸಾಣಿಗಿ ಹಾಕಿದವರು

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹರೆಯದಲ್ಲಿ ಸುತ್ತಿಗೆ ತಪ್ಪಿ ಬಿದ್ದದ್ದಂತೆ. ಆಮೇಲೆ ಎಷ್ಟು ಸಲ ಬೆಳೆದರೂ ಉಗುರು ಸೀಳಿಕೊಂಡೇ ಬೆಳೆಯಿತು. ತಗಡಿಗೆ ತೂತು ಹೊಡೆಯುವಾಗ ಉಳಿಯನ್ನು ಆ ಸೀಳಿಗೇ ಆನಿಸಿ ಹಿಡಿಯುತ್ತಿದ್ದರು, ಉಳಿ ಅಲುಗುತ್ತಿರಲಿಲ್ಲ. "ಸುತಗಿ ತಪ್ಪಿದ್ದು ಚಲೋ ಆತು ನೋಡ, ಉಳಿಗೆ ಕೂಡ್ರಾಕ ಒಂದ ಜಾಗಾ ಸಿಕ್ತು" ಎಂದು ನಗುತ್ತಿದ್ದರು. ನಕ್ಕರೆ ಅಡಿಕೆ ತಿಂದು ಕೆಂಪಾದ ನಾಲ್ಕು ಹಲ್ಲು ಕಾಣುತ್ತಿದ್ದವು. ಬಾಯಲ್ಲಿ ಇದ್ದದ್ದೇ ಅಷ್ಟು.

ಅಣ್ಣಿಗೇರಿಯ ಪೇಟೆ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಬಾಜೂಕ್ಕೆ ಅವರ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಎರಡು ಹಲಗೆಯ ಬಾಗಿಲು, ಒಂದು ಗೋಣಿತಾಟು, ಅದರ ಮುಂದೆ ಮಂಡಿ ಎತ್ತರದ ಸೀಸದ ದಿಮ್ಮಿ. ಗೋಡೆ ತುಂಬ ಸಾಣಿಗೆಗಳು, ಕಾಳು ಹಿಟ್ಟು ಜರಡಿ ಹಿಡಿಯುವಂಥವು. ಮನೆಯವರು ಅವರನ್ನು ಏನೆಂದು ಕರೆಯುತ್ತಿದ್ದರೋ, ಊರಿಗೆ ಮಾತ್ರ ಅವರು ಸಾಣಿಗಿ ಕಾಕಾ. ನಮ್ಮ ಅಪ್ಪನಿಗೂ ಕಾಕಾ, ನನಗೂ ಕಾಕಾ.

ಅವರದೊಂದು ಹಟ ಇತ್ತು. ಸಾಣಿಗೆ ಬೇಕೆಂದು ಯಾರೇ ಬರಲಿ, ಮೊದಲು ಕೇಳುವುದು, "ಕಾಳ ತಂದೀರೇನ್ರಿ?" ಏನು ಸಾಣಿಸಬೇಕೋ ಅದರ ಒಂದು ಹಿಡಿ ಕಾಳು ತಂದು ಅವರ ಅಂಗೈಗೆ ಹಾಕಬೇಕು. ಇಲ್ಲದಿದ್ದರೆ ಸುತ್ತಿಗೆ ಎತ್ತುವ ಮಾತೇ ಇಲ್ಲ. ಒಂದು ಸಲ ನವಲಗುಂದದ ಕಡೆಯ ಗೌಡರೊಬ್ಬರು ಬರಿಗೈಲಿ ಬಂದು ನಿಂತರು. "ಜ್ವಾಳದ್ದು ಒಂದ ಕೊಡೋ" ಅಂದರು.

"ಯಾವ ಜ್ವಾಳಾ?"

"ಜ್ವಾಳಾ ಅಂದ್ರ ಜ್ವಾಳಾ. ಅದರಾಗ ಏನೈತಿ?"

"ನಿಮ್ಮ ಹೊಲದ್ದ ಬ್ಯಾರೆ, ನಿಮ್ಮ ತಮ್ಮನ ಹೊಲದ್ದ ಬ್ಯಾರೆ. ಇಬ್ರಿಗೂ ಒಂದ ಅಂಗಿ ಆಗತದೇನ್ರಿ? ಹೋಗ್ರಿ, ಮುಟಗಿ ಕಾಳ ತಗೊಂಡ ಬರ್ರಿ."

ಗೌಡರು ಬೈದುಕೊಳ್ಳುತ್ತ ಹೋದರು. ಮುಂದಿನ ವಾರ ಧೋತರದ ಚುಂಗಿನಲ್ಲಿ ಜೋಳ ಕಟ್ಟಿಕೊಂಡು ಬಂದರು. ಎಲ್ಲರೂ ಬರುತ್ತಿದ್ದರು. ಕಾಕಾ ಕಾಳನ್ನು ಅಂಗೈಯಲ್ಲಿ ಹೊರಳಿಸಿ, ಒಂದನ್ನು ಬಾಯಿಗೆ ಹಾಕಿ, ಆಮೇಲೆ ಉಳಿ ಆರಿಸುತ್ತಿದ್ದರು. ಸಾಣಿಗೆ ಮುಗಿದ ಮೇಲೆ ಕಣ್ಣು ಮುಚ್ಚಿ ಅದೇ ಕಾಳು ಸಾಣಿಸಿ ಸಪ್ಪಳ ಕೇಳುತ್ತಿದ್ದರು. ಸಪ್ಪಳ ಮನಸ್ಸಿಗೆ ಬಾರದಿದ್ದರೆ ಗಿರಾಕಿ "ಅಗದಿ ಛಲೋ ಆಗೇತ್ರಿ" ಅಂದರೂ ಕೊಡುತ್ತಿರಲಿಲ್ಲ.

ಅಂಥವರ ಮುಂದೆ ನಾನು ಕಾರಿನ ಕೆಲಸ ತಗೊಂಡು ಹೋಗಿ ನಿಂತೆ. ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತೆರಡು.

ನಮ್ಮಪ್ಪ ಊರ ವಾಡೇದ ಧಣಿಯ ಡ್ರೈವರ್. ಧಣಿಯ ಹತ್ತಿರ ಎರಡೇ ಸೀಟಿನ, ಮ್ಯಾಲೆ ಮುಚ್ಚಿಗೆ ಇಲ್ಲದ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಹಸಿರು ರೇಸಿನ ಗಾಡಿ ಇತ್ತು. ಯಾವನೋ ಬಿಳಿ ಸಾಹೇಬ ಹುಬ್ಬಳ್ಳಿಯಲ್ಲಿ ಬಿಟ್ಟು ಹೋದದ್ದನ್ನು ಧಣಿ ಹರೆಯದಲ್ಲಿ ತಂದಿದ್ದರು. ಮುಂದೆ ಎರಡು ಗುಂಡು ದೀಪ ಕಪ್ಪೆಯ ಕಣ್ಣಿನ ಹಾಗೆ ಎದ್ದು ಕೂತಿದ್ದರಿಂದ ಊರವರು ಅದಕ್ಕೆ ಇಟ್ಟ ಹೆಸರು ಕಪ್ಪಿಗಾಡಿ. ಮುಂದಿನ ಗಾಲಿಗೂ ಬಾಗಿಲಿಗೂ ನಡುವೆ, ಎರಡೂ ಬದಿಗೆ, ಒಂದೊಂದು ಕಿಂಡಿ. ಅದಕ್ಕೆ ಬೆಳ್ಳಿಯ ಹಾಗೆ ಮಿಂಚುವ ಜಾಲರಿ. ಗಾಡಿಯ ಅಂದವೆಲ್ಲ ಆ ಜಾಲರಿಯಲ್ಲಿತ್ತು. ಧಣಿ ದಿನಾ ಬೆಳಿಗ್ಗೆ ತಮ್ಮ ಕೈಯಾರೆ ಒರೆಸುತ್ತಿದ್ದರಂತೆ.

ಧಣಿ ಹೋದರು. ಅಪ್ಪನ ಕಣ್ಣಿಗೆ ಪೊರೆ ಬಂದು, ಆಪರೇಶನ್ ಕೈಕೊಟ್ಟು, ಹಗಲೂ ಮಬ್ಬಾಯಿತು. ಗಾಡಿ ವಾಡೇದ ಅಂಗಳದಲ್ಲಿ ಎರಡು ವರ್ಷ ನಿಂತೇ ಬಿಟ್ಟಿತು. ಜಾಲರಿ ತುಕ್ಕು ಹಿಡಿದು ಒಂದು ಕಡೆಯದು ಉದುರಿತು, ಇನ್ನೊಂದು ಮುಟ್ಟಿದರೆ ಪುಡಿ. ಆ ಕಿಂಡಿಯೊಳಗೆ ಇಲಿ ಹೊಕ್ಕು, ಹತ್ತಿ ಅರಳೆ, ಜೋಳದ ಹೊಟ್ಟು ಹೊತ್ತು ತಂದು, ಇಂಜಿನ್ನಿನ ಮ್ಯಾಲೆ ಬಾಣಂತನ ಮಾಡಿಕೊಂಡಿತ್ತು. ವಾಯರೆಲ್ಲ ಕಡಿದು ಹಾಕಿತ್ತು.

ಗಾಡಿ ಹೊಡೆಯುವುದು ನನಗೆ ಬರುತ್ತಿತ್ತು. ಕಣ್ಣು ಪೂರ್ತಿ ಹೋಗುವ ಮೊದಲು ಅಪ್ಪ ಬಾಜೂಕ್ಕೆ ಕೂತು ಕಲಿಸಿದ್ದ, ಧಾರವಾಡಕ್ಕೆ ಕರಕೊಂಡು ಹೋಗಿ ಲೈಸನ್ಸೂ ಮಾಡಿಸಿದ್ದ. ಊರಲ್ಲಿ ಅದೊಂದು ದೊಡ್ಡ ಚೇಷ್ಟೆಯಾಗಿತ್ತು. "ಡ್ರೈವರನ ಮಗಳು ಡ್ರೈವರ್ ಆಗ್ತಾಳಂತ, ನಾಳೆ ಕುದರಿ ಮ್ಯಾಲೂ ಕೂಡ್ರತಾಳ" ಎಂದು ನಲ್ಲಿಯ ಹತ್ತಿರ ಹೆಂಗಸರೇ ನಗುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಕೊಡ ಅಲ್ಲೇ ಕುಕ್ಕಿ ಜಗಳಾಡಿ ಬರುತ್ತಿದ್ದೆ.

ಧಣಿಯ ಹೆಂಡತಿಯನ್ನು ನಾವು ಬಾಯಾರು ಅನ್ನುತ್ತಿದ್ದೆವು. ಅವರ ಎದುರು ಹೋಗಿ, ಗಾಡಿ ನಾನು ಓಡಿಸತೇನ್ರಿ, ಅಪ್ಪನ ಜಾಗಾ ನನಗ ಕೊಡ್ರಿ ಅಂದೆ. ಬಾಯಾರು ಬಹಳ ಹೊತ್ತು ನನ್ನ ಕಾಲ ಕಡೆ ನೋಡಿದರು. ಕಾಲು ಕ್ಲಚ್ಚಿಗೆ ಮುಟ್ಟುತ್ತದೋ ಇಲ್ಲವೋ ಎಂದು ಅಳೆಯುತ್ತಿದ್ದರೋ ಏನೋ.

"ಬೆಳಗಾವ್ಯಾಗ ನನ್ನ ತಮ್ಮ ಒಬ್ಬ ಡ್ರೈವರನ್ನ ನೋಡ್ಯಾನ" ಅಂದರು. "ಅಮವಾಸಿ ಮುಗದ ಮರುದಿನ ನಾ ದುಮ್ಮವಾಡಕ್ಕ ಅಕ್ಕನ್ನ ನೋಡಾಕ ಹೋಗಬೇಕು. ನೀ ಕರಕೊಂಡ ಹೋಗು. ಗಾಡಿ ಧಣಿ ಇದ್ದಾಗ ಹೆಂಗಿತ್ತೋ ಹಂಗ ಕಾಣಬೇಕು. ದಾರ್ಯಾಗ ನಿಂತ್ರ ಬೆಳಗಾವಿಯಂವ ಬರತಾನ. ತಿಳೀತಿಲ್ಲೋ?"

ತಿಳಿಯಿತು. ನನ್ನ ಜೀವಮಾನವೇ ಅದರ ಮ್ಯಾಲೆ ನಿಂತಿದೆ ಎಂಬುದೂ ತಿಳಿಯಿತು. ಆ ಕೆಲಸ ಸಿಗದಿದ್ದರೆ ಯಾವುದೋ ಊರಿನ ಯಾವುದೋ ಗಂಡಿಗೆ ನನ್ನನ್ನು ಕೊಟ್ಟು ಕೈ ತೊಳೆದುಕೊಳ್ಳಲು ಸೋದರಮಾವ ತುದಿಗಾಲಲ್ಲಿ ನಿಂತಿದ್ದ.

ವಾಯರಿನ ಕೆಲಸ ಹುಬ್ಬಳ್ಳಿಯ ಮೇಸ್ತ್ರಿ ಬಂದು ಮಾಡಿದ. ಜಾಲರಿ ಮಾತ್ರ ಎಲ್ಲೂ ಸಿಗುವುದಿಲ್ಲ ಅಂದ. "ಸುಮ್ನ ತಗಡ ಬಡದ ಮುಚ್ಚಿಬಿಡು" ಎಂದು ಹೋದ. ತಗಡು ಅಂದ ಕೂಡಲೇ ಅಪ್ಪನಿಗೆ ಸಾಣಿಗಿ ಕಾಕಾ ನೆನಪಾದರು.

ಕಾಕಾ ನನ್ನ ಮಾತನ್ನೆಲ್ಲ ಕೇಳಿ, ಕೇಳಬೇಕಾದ್ದನ್ನೇ ಕೇಳಿದರು. "ಕಾಳ ತಂದೀಯೇನ?"

"ಕಾರಿಗೆಲ್ಲಿ ಕಾಳ್ರಿ ಕಾಕಾ!"

"ಕಾಳ ಇಲ್ಲದ ಸಾಣಿಗಿ ಹೆಂಗ ಆಗತದ ಬೇಟಿ? ಏನ ತಡೀಬೇಕು, ಏನ ಬಿಡಬೇಕು, ಅಷ್ಟರ ತಿಳೀಬೇಕಲ್ಲ."

ಮನೆಗೆ ಹೋಗಿ ವಿಚಾರ ಮಾಡಿದೆ. ಇಂಜಿನ್ನಿನ ಮೇಲಿಂದ ತೆಗೆದ ಇಲಿಯ ಗೂಡು ಇನ್ನೂ ಅಂಗಳದ ಮೂಲೆಯಲ್ಲಿ ಬಿದ್ದಿತ್ತು. ಅದನ್ನೇ ಮೊರದಲ್ಲಿ ಹಾಕಿಕೊಂಡು ಹೋಗಿ ಕಾಕಾನ ಮುಂದೆ ಸುರಿದೆ. ಅರಳೆ, ಹೊಟ್ಟು, ಎರೆಮಣ್ಣಿನ ಪುಡಿ. ಕಾಕಾನ ಮುಖ ಅರಳಿತು. "ಈಗ ನೋಡ, ಈಗ ಮಾತಂದ್ರ ಮಾತು." ಬೆರಳಲ್ಲಿ ಹೊಟ್ಟು ತಿಕ್ಕಿ ನೋಡಿದರು. ಮಣ್ಣು ಮೂಸಿದರು. ಬಾಯಿಗೆ ಮಾತ್ರ ಹಾಕಲಿಲ್ಲ, ಪುಣ್ಯ.

ನಾಲ್ಕು ದಿನ ಕೂತು, ಎಣ್ಣೆ ಡಬ್ಬಿಯ ತಗಡಿಗೆ ಎಳ್ಳು ಹಾಯದಷ್ಟು ಸಣ್ಣ ತೂತು ಹೊಡೆದರು. ಅಂಥ ಸಣ್ಣ ಕೆಲಸ ನಾನು ಮತ್ತೆಲ್ಲೂ ನೋಡಿಲ್ಲ. ಬೆಳಕಿಗೆ ಹಿಡಿದರೆ ತೆಳ್ಳನೆಯ ಮಲ್ಲು ಬಟ್ಟೆಯ ಹಾಗೆ ಕಾಣುತ್ತಿತ್ತು. ಅರಳೆಯ ಎಳೆ ಒಂದೂ ದಾಟಲಿಲ್ಲ, ಹೊಟ್ಟು ದಾಟಲಿಲ್ಲ, ಮಣ್ಣೂ ಅರ್ಧಕ್ಕರ್ಧ ನಿಂತಿತು. ಕಣ್ಣು ಮುಚ್ಚಿ ಸಪ್ಪಳ ಕೇಳಿ, "ಹಾಂ" ಅಂದರು. ವಾಡೆಗೆ ಬಂದು ತಾವೇ ಎರಡೂ ಕಿಂಡಿಗೆ ಕೂಡ್ರಿಸಿ ಅಂಚು ಮಡಚಿದರು.

ಮರುದಿನ ಅಪ್ಪನನ್ನು ಕೂಡ್ರಿಸಿಕೊಂಡು ನವಲಗುಂದದ ರಸ್ತೆ ಹಿಡಿದು ಪರೀಕ್ಷೆಗೆ ಹೊರಟೆ. ಬಿಸಿಲು ಕಾದಿತ್ತು. ಹತ್ತಿ ಹೊಲಗಳನ್ನು ದಾಟುತ್ತಿದ್ದ ಹಾಗೆ ಅಪ್ಪ ಮೂಗು ಎತ್ತಿದ. "ವಾಸನಿ ಬರಾಕತ್ತೇತಿ, ನಿಂದ್ರಸು" ಅಂದ. ನಾನು ನಿಲ್ಲಿಸುವ ಮೊದಲೇ ಮುಂದಿನಿಂದ ಉಗಿ ಭುಸ್ಸೆಂದು ಎದ್ದಿತು. ಕಪ್ಪಿಗಾಡಿ ನಡುರಸ್ತೆಯಲ್ಲಿ ಅನ್ನದ ಗಡಿಗೆಯ ಹಾಗೆ ಕುದಿಯತೊಡಗಿತು. ಅಷ್ಟರಲ್ಲೇ ಬರಬೇಕೇ ಬಸ್ಸು! ಅದರ ಕಿಟಕಿ ತುಂಬ ತಲೆ. "ಹೆಣಮಕ್ಕಳ ಕೈಗೆ ಸ್ಟೇರಿಂಗ್ ಕೊಟ್ರ ಹಿಂಗ ನೋಡ್ರಿ ಆಗೂದು" ಎಂದು ಯಾರೋ ಒದರಿದರು. ಬಸ್ಸು ನಕ್ಕಿತು. ಎತ್ತಿನ ಬಂಡಿಗೆ ಹಗ್ಗ ಕಟ್ಟಿ ಗಾಡಿ ವಾಡೆಗೆ ಬಂತು. ಬಾಯಾರು ಪಡಸಾಲೆಯಲ್ಲಿ ನಿಂತು ನೋಡಿದರು, ಒಳಗೆ ಹೋದರು. ಅಮಾವಾಸ್ಯೆಗೆ ಇನ್ನು ಎಂಟೇ ದಿನ.

ನಾನು ಸೀದಾ ಪೇಟೆ ಓಣಿಗೆ ಹೋದೆ. ಅಂದು ನಾನಾಡಿದ ಮಾತು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಗಿರಾಕಿಗಳು ಕೂತಿದ್ದರು, ಅವರ ಮುಂದೆಯೇ ಒದರಿದೆ. "ನಿಮಗ ಜ್ವಾಳಾ ಸಾಣಸೂದ ಬಿಟ್ರ ಮತ್ತೇನ ಗೊತ್ರಿ? ನಿಮ್ಮ ಸಾಣಿಗಿ ನನ್ನ ಬಾಳೇವು ಕೆಡಿಸ್ತು. ಊರ ಮಂದಿ ಎಲ್ಲಾ ನಗಾಕತ್ತಾರ."

ಕಾಕಾನ ಕೈ ನಿಂತಿತು. ಅವರ ಸಾಣಿಗೆಗೆ ಯಾರೂ ಹಾಗೆ ಕುಂದು ಹೇಳಿರಲಿಲ್ಲ. ಕುತ್ತಿಗೆಯ ನರ ಉಬ್ಬಿತು. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ" ಅಂದರು, ನನ್ನ ಕಡೆ ನೋಡದೆ. "ಹೋಗು. ಗಾಡಿ ಹೊಡೀಲಿಕ್ಕೆ ಕಲ್ತ ಬಾ."

ಅಷ್ಟು ಸಾಕಾಯಿತು. ಮನೆಗೆ ಬಂದು ಕದ ಹಾಕಿಕೊಂಡು ಅತ್ತೆ. ಅವರೂ ಬಸ್ಸಿನ ಮಂದಿಯ ಹಾಗೇ ಅಂದರಲ್ಲ ಎಂಬುದೇ ನನ್ನ ಸಂಕಟ. ಊರಲ್ಲಿ ನನ್ನನ್ನು ನೋಡಿ ನಗದೆ ಇದ್ದವರೆಂದರೆ ಅವರೊಬ್ಬರೇ.

ಮರುದಿನ ಬೆಳಿಗ್ಗೆ ವಾಡೇದ ಅಂಗಳಕ್ಕೆ ಹೋದರೆ ಕಾಕಾ ನನಗಿಂತ ಮೊದಲೇ ಬಂದು ಗಾಡಿಯ ಬದಿಗೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಒಂದು ಚೂರು ಅರಳೆ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು.

"ಚಾಲೂ ಮಾಡು" ಅಂದರು.

ನಾನು ಚಾಲೂ ಮಾಡಿದೆ. ಅವರು ಅರಳೆಯನ್ನು ಸಾಣಿಗೆಯ ಮುಂದೆ ಹಿಡಿದರು. ಅದು ಸುಮ್ಮನೆ ತೂಗಿತು. ಆಮೇಲೆ ಅಂಚು ಬಿಚ್ಚಿ ಎರಡೂ ಬದಿಯ ಸಾಣಿಗೆ ತೆಗೆದು, ಬರೀ ಕಿಂಡಿಯ ಮುಂದೆ ಹಿಡಿದರು. ಅರಳೆ ಫಕ್ಕನೆ ಹೊರಗೆ ಹಾರಿ ಅವರ ಗಡ್ಡಕ್ಕೆ ಅಂಟಿತು. ಕಾಕಾ ಗಡ್ಡದ ಅರಳೆ ತೆಗೆಯಲಿಲ್ಲ. ಹಾಗೇ ಕಿಂಡಿ ನೋಡುತ್ತ ಕೂತರು.

"ಓಡೂವಾಗ ಹೆಂಗ?" ಅಂದರು.

"ಕೂಡ್ರಿ, ತೋರಸತೇನಿ."

ಜನ್ಮದಲ್ಲಿ ಕಾರು ಹತ್ತಿದವರಲ್ಲ. ಚಪ್ಪಲಿ ಕಳೆದು ಕೈಯಲ್ಲಿ ಹಿಡಕೊಂಡು, ಗುಡಿಗೋ ದರ್ಗಾಕ್ಕೋ ಹೋಗುವವರ ಹಾಗೆ ಒಳಗೆ ಕಾಲಿಟ್ಟರು. ಗಾಡಿ ಊರ ಹೊರಗೆ ಬಂದು ಸ್ವಲ್ಪ ಜೋರು ಹಿಡಿದದ್ದೇ ತಡ, ಒಂದು ಕೈಯಲ್ಲಿ ಟೊಪ್ಪಿಗೆ, ಒಂದು ಕೈಯಲ್ಲಿ ಬಾಗಿಲು. "ಸಾವಕಾಶ ಬೇಟಿ, ಸಾವಕಾಶ. ಮುಂದ ಬಂಡಿ ಹೊಂಟೈತಿ, ಅಂವ ನನ್ನ ಗಿರಾಕಿ, ಅವನ್ನ ಕೆಡವಬ್ಯಾಡ." ಸಿಟ್ಟಿನಲ್ಲಿದ್ದವಳಿಗೆ ನಗು ಬಂದುಬಿಟ್ಟಿತು. ಆಮೇಲೆ ಅವರು ಚಪ್ಪಲಿ ತೊಡೆಯ ಮ್ಯಾಲಿಟ್ಟು, ಬಾಗಿ, ಕೈ ಚಾಚಿ ಕಿಂಡಿಯ ಮುಂದೆ ಅರಳೆ ಬಿಟ್ಟರು. ಒಂದು ಬಿಟ್ಟರು, ಇನ್ನೊಂದು ಬಿಟ್ಟರು. ಎಲ್ಲವೂ ಹೊರಗೇ ಹಾರಿ ಹಿಂದಕ್ಕೆ ಹೋದವು. ಒಂದೂ ಒಳಗೆ ಹೋಗಲಿಲ್ಲ. ಕೊನೆಗೆ ಬರೀ ಅಂಗೈ ಇಟ್ಟರು, ಬಹಳ ಹೊತ್ತು ಇಟ್ಟುಕೊಂಡರು.

"ನಿಂದ್ರಸು" ಅಂದರು.

ಗಾಡಿ ನಿಂತಿತು. ಕಾಕಾ ಇಳಿದು ಗಾಡಿಯ ಬದಿಗೆ ನಿಂತರು. ಕಿಂಡಿಗೆ ಸಾಣಿಗೆ ಇರಲಿಲ್ಲ, ಉಗಿಯೂ ಇರಲಿಲ್ಲ.

"ಇದು ಉಣ್ಣೂ ಬಾಯಿ ಅಲ್ಲ ಬೇಟಿ, ಉಸರು ಬಿಡೂ ಮೂಗು" ಅಂದರು. "ಇಲಿ ಹೊಕ್ಕಿದ್ದು ಗಾಡಿ ನಿಂತಾಗ. ಓಡೂವಾಗ ಇಲ್ಲಿಂದ ಏನೂ ಒಳಗ ಬರಂಗಿಲ್ಲ, ಬೆಂಕಿ ಹೊರಗ ಬರತೈತಿ. ನಾ ಮೂಗಿಗೆ ಅರಿವಿ ತುರಕಿದೆ. ನೀ ತಂದ ಕಾಳ ಖರೆ, ಅದು ಇದರ ಕಾಳ ಅಲ್ಲ. ಇದರ ಕಾಳು ಬಿಸಿಗಾಳಿ."

ನಾನು ಬಾಯಿ ತೆರೆದೆ. ಮಾಫಿ ಕೇಳಬೇಕೆಂದಿದ್ದೆ. ಅವರು ಕೈ ಎತ್ತಿ ತಡೆದರು.

"ನೆಲಾನೂ ಡೊಂಕ ಇತ್ತವ್ವಾ" ಅಂದರು.

ಎಪ್ಪತ್ತರ ಹತ್ತಿರದ ಮನುಷ್ಯ. ಜೀವಮಾನವಿಡೀ ಒಂದೇ ಕೆಲಸ ಮಾಡಿ ಹೆಸರು ಗಳಿಸಿದವರು. ಇಪ್ಪತ್ತೆರಡರ ಹುಡುಗಿಯ ಮುಂದೆ, ರಸ್ತೆಯ ಬದಿಗೆ, ಬರಿಗಾಲಲ್ಲಿ ನಿಂತು ಅಷ್ಟು ಸರಳವಾಗಿ ತಪ್ಪು ಒಪ್ಪಿಕೊಂಡರು. ನನ್ನ ಆಯುಷ್ಯದಲ್ಲಿ ಅದಕ್ಕಿಂತ ದೊಡ್ಡಸ್ತಿಕೆಯನ್ನು ನಾನು ನೋಡಿಲ್ಲ.

ತಿರುಗಿ ಬಂದು ಬಾಯಾರ ಎದುರು ಇಬ್ಬರೂ ನಿಂತೆವು. ಕಾಕಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಾಯಾರು ಮುಖ ಗಂಟು ಹಾಕಿಯೇ ಕೇಳಿದರು. "ಎಣ್ಣಿಡಬ್ಬಿ ತಗಡ ಬಡದ ಧಣಿ ಗಾಡಿ ಗೂಡಂಗಡಿ ಮಾಡೀರಿ" ಎಂದು ಬೈದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಹೊರಗೆ ಬಂದಾಗ ಅವರ ಕೈಯಲ್ಲೊಂದು ದೊಡ್ಡ ಹಿತ್ತಾಳೆಯ ಪರಾತ, ಅಂಚು ಬಿರಿದದ್ದು. "ನನ್ನ ತವರಿಂದ ಬಂದದ್ದು. ಹಿಟ್ಟ ನಾದಾಕ ಬರಂಗಿಲ್ಲ ಈಗ. ಇದರಾಗ ಮಾಡು, ಛಂದ ಆಗಬೇಕು."

ಓಣಿಗೆ ಹೋಗುವ ದಾರಿಯುದ್ದಕ್ಕೂ ಕಾಕಾ ಗೊಣಗಿದರು. "ಛಂದ ಅಂತ ಛಂದ! ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ. ಸಾಣಿಗಿಗೆ ಎಂಥಾ ಛಂದ? ನಾ ತೂತು ಹೊಡ್ಯಾಂವ, ಹೂವು ಬಿಡಸಾಂವ ಅಲ್ಲ."

ಆಗ ನನ್ನ ಸೆರಗಿನ ಮ್ಯಾಲೆ ಅವರ ಕಣ್ಣು ಬಿತ್ತು. ನನ್ನವ್ವ ಹಾಕಿದ ಕಸೂತಿ ಅದು, ನವಿಲಿನ ಸಾಲು. ನಮ್ಮ ಕಡೆಯ ಕಸೂತಿಗೆ ಗೀಟು ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚುವುದು. ಕಾಕಾ ಸೆರಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೂ ತೂತ ಐತಲ್ಲೋ ಬೇಟಿ!" ಅಂದರು, ಕಳ್ಳನ್ನ ಹಿಡಿದವರ ಹಾಗೆ. "ನಿಂಗ ಬರತೈತೇನ?"

ಬರುತ್ತಿತ್ತು. ಅವ್ವ ಇದ್ದಾಗ ಹೊಡೆದು ಕಲಿಸಿದ್ದಳು.

ಹಾಗೆ ಆ ವಾರ ನಾವಿಬ್ಬರೂ ಆ ಗೋಣಿತಾಟಿನ ಮ್ಯಾಲೆ ಎದುರು ಬದುರು ಕೂತೆವು. ಪರಾತದ ತಳ ಕತ್ತರಿಸಿ ಎರಡು ತುಂಡು ಮಾಡಿದ್ದರು. ನಾನು ಸುಣ್ಣದ ಕಡ್ಡಿಯಿಂದ ಎಣಿಸಿ ಚುಕ್ಕಿ ಇಡುವುದು, ಅವರು ಹೊಡೆಯುವುದು. ತೂತಿನ ಅಳತೆಗೆ ಅವರು ತಮ್ಮ ಕಿರುಬೆರಳು ತೋರಿಸಿದರು: ಇದು ಹಾಯದಿದ್ದರೆ ಇಲಿಯೂ ಹಾಯುವುದಿಲ್ಲ, ಬಿಸಿ ಮಾತ್ರ ಆರಾಮ ಹೋಗುತ್ತದೆ. ಒಂದು ಬದಿಯ ನವಿಲು ಮುಗಿದ ಮೇಲೆ ನಾನು ಎರಡನೆಯದಕ್ಕೂ ಅದೇ ಚುಕ್ಕಿ ಇಟ್ಟೆ. ಕಾಕಾ ಸುತ್ತಿಗೆ ಎತ್ತಿದವರು ಇಳಿಸಿದರು. "ಆ ಬಾಜೂಕ ಇದನ್ನ ಹಚ್ಚಿದ್ರ ನವಿಲ ಹಿಂದ ನೋಡತದ. ಗಾಡಿ ದುಮ್ಮವಾಡಕ್ಕ ಹೋಗೂದು, ನವಿಲ ಅಣ್ಣಿಗೇರಿಗೆ ಹೊಂಡೂದು. ಅಳಸು, ತಿರುವಿ ಹಾಕು." ನಾನು ನಕ್ಕು ಅಳಿಸಿದೆ.

ಸಾಣಿಗೆಯ ಒಂದು ಮೈ ನುಣುಪು, ಉಳಿ ಹೊರಬಂದ ಇನ್ನೊಂದು ಮೈ ತರಕು. ಕಾಳು ಬೀಳುವ ಕಡೆಗೆ ನುಣುಪು ಇರಬೇಕೆಂಬುದು ಅವರ ಕಸಬಿನ ಮೊದಲ ಪಾಠ. ಬಿಸಿಗಾಳಿ ಒಳಗಿನಿಂದ ಬರುವುದಾದ್ದರಿಂದ ನುಣುಪು ಒಳಗೆ ಬಂತು, ತರಕು ಹೊರಗೆ ಉಳಿಯಿತು. "ಬಾಯಾರ ಸೀರಿ ಸಿಗಿತೈತಿ, ನೀ ಒರಸೂವಾಗ ಬೆರಳ ಕೊಯ್ಯತೈತಿ" ಎಂದು ಒಂದೊಂದೇ ತೂತಿನ ಅಂಚನ್ನು ಅರದಿಂದ ಉಜ್ಜಿದರು. ಎರಡು ದಿನ ಬರೀ ಅದೇ. ಕೆಲಸ ಮುಗಿದಾಗ, "ಚುಕ್ಕಿ ನಿನ್ನವು, ತೂತು ನನ್ನವು. ಕೆಟ್ರ ಇಬ್ರೂ ಕೂಡೇ ಬೈಸಿಕೊಳ್ಳೂಣು" ಅಂದರು.

ಮೊದಲಿನ ಆ ತಗಡಿನ ಜೋಡಿ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ನೋಡಿದರೆ ನನಗೆ ಬಸ್ಸಿನ ನಗೆ ಕೇಳುತ್ತಿತ್ತು. ಒಗೀರಿ ಅದನ್ನ ಅಂದೆ. ಕಾಕಾ ಎತ್ತಿ, ಧೂಳು ಊದಿ, ಗೋಡೆಯ ಮೊಳೆಗೆ ಸಿಕ್ಕಿಸಿದರು.

"ತಪ್ಪಿದ ಸಾಣಿಗಿ ಅಂತ ಯಾವುದೂ ಇಲ್ಲ ಬೇಟಿ. ಅದರ ಕಾಳು ಇನ್ನಾ ಬಂದಿರಂಗಿಲ್ಲ, ಅಷ್ಟ."

ಅಮಾವಾಸ್ಯೆ ಕಳೆದ ಮರುದಿನ ಬಾಯಾರು ನನ್ನ ಬಾಜೂಕ್ಕೆ ಕೂತರು. ಸೀಟು ಎರಡೇ, ಅಪ್ಪ, ಕಾಕಾ ಇಬ್ಬರೂ ವಾಡೇದ ಬಾಗಿಲಲ್ಲಿ ನಿಂತರು. ಅಪ್ಪನಿಗೆ ಏನೂ ಕಾಣುತ್ತಿರಲಿಲ್ಲ, ಕಾಕಾ ಅವನ ಕಿವಿಯಲ್ಲಿ ಎಲ್ಲ ಹೇಳುತ್ತಿದ್ದರು. ಹೊರಡುವಾಗ ಕಾಕಾ ನನ್ನ ಹತ್ತಿರ ಬಂದು, "ಮುಟ್ಟಿದ ಮ್ಯಾಲೆ ನವಿಲಿನ ಮ್ಯಾಲೆ ಕೈ ಇಟ್ಟ ನೋಡು. ಬಿಸಿ ಇರಬೇಕು. ಕೈ ತಗೀಬೇಕು ಅನ್ನೂವಷ್ಟ ಇರಬಾರದು" ಎಂದು ಮೆಲ್ಲಗೆ ಹೇಳಿದರು.

ಹುಬ್ಬಳ್ಳಿಯವರೆಗೆ ನನ್ನ ಕಣ್ಣೆಲ್ಲ ಮುಂದಿನ ಮುಚ್ಚಳದ ಮ್ಯಾಲೆ. ಎಲ್ಲಿ ಉಗಿ ಏಳುತ್ತದೋ, ಎಲ್ಲಿ ವಾಸನೆ ಬರುತ್ತದೋ. ಹುಬ್ಬಳ್ಳಿಯ ಗದ್ದಲದಲ್ಲಿ ಒಬ್ಬ ಟಾಂಗಾದವನು ನಮ್ಮನ್ನು ನೋಡಿ ಕುದುರೆ ನಿಲ್ಲಿಸಿಯೇ ಬಿಟ್ಟ. ಬಾಯಾರು ಸೆರಗು ಹೊದ್ದು ನೆಟ್ಟಗೆ ಕೂತಿದ್ದರು. ಕಲಘಟಗಿಯ ಕಡೆ ತಿರುಗಿದ ಮೇಲೆ ಹೊಲ ಹಸಿರಾಯಿತು, ಏರು ಬಂತು, ಏರು ಹತ್ತಿದೆವು. ಉಗಿ ಬರಲಿಲ್ಲ. ದುಮ್ಮವಾಡದಲ್ಲಿ ಅವರ ಅಕ್ಕನ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ನನ್ನ ಕುಪ್ಪಸ ಬೆವರಿಗೆ ಒದ್ದೆಯಾಗಿತ್ತು.

ಇಳಿದು ಮೊದಲು ನವಿಲಿನ ಮ್ಯಾಲೆ ಅಂಗೈ ಇಟ್ಟೆ. ಬಿಸಿ ಇತ್ತು. ಕೈ ತೆಗೆಯಬೇಕು ಅನ್ನಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ.

"ಏನ ನೋಡಾಕತ್ತೀ?" ಎಂದು ಬಾಯಾರು ಇಳಿದು ಬಂದರು. ಹೇಳಿದೆ. ಅವರೂ ಬಾಗಿ ಬಳೆಗೈ ಇಟ್ಟರು, ತಮ್ಮ ತವರಿನ ಹಿತ್ತಾಳೆಯ ಮ್ಯಾಲೆ. ಆಮೇಲೆ ಒಳಗೆ ಹೋಗುತ್ತ ತಿರುಗಿ ನೋಡಿದರು.

"ಬರೂ ಸೋಮವಾರ ಗದಗಕ್ಕ ಹೋಗೂದೈತಿ. ಹೊತ್ತಿಗೆ ಸರಿಯಾಗಿ ಬಾ."

ನನ್ನ ನೌಕರಿಯ ಆರ್ಡರು ಅಂದರೆ ಅಷ್ಟೇ. ಬೆಳಗಾವಿಯವನ ಸುದ್ದಿ ಮತ್ತೆ ಬರಲಿಲ್ಲ.

ಬಾಯಾರು ಇರುವವರೆಗೆ ಅವರ ಗಾಡಿ ಓಡಿಸಿದೆ. ಅವರು ತೀರಿಕೊಂಡ ಮೇಲೆ ಗಾಡಿ ಅವರ ತಮ್ಮನ ಪಾಲಾಯಿತು, ನವಿಲುಗಳೂ ಅದರ ಜೋಡಿ ಹೋದವು. ನಾನು ಹುಬ್ಬಳ್ಳಿಗೆ ಹೊರಟೆ, ಶಾಲೆಯ ಮಕ್ಕಳ ಟೆಂಪೊ ಓಡಿಸುವ ಕೆಲಸ ಸಿಕ್ಕಿತ್ತು. ಹೇಳಿ ಹೋಗಲು ಪೇಟೆ ಓಣಿಗೆ ಹೋದಾಗ ಕಾಕಾನ ಕೈ ನಡುಗುವುದಕ್ಕೆ ಹತ್ತಿತ್ತು. ಉಳಿ ಮಾತ್ರ ಆ ಸೀಳು ಉಗುರಿನಲ್ಲಿ ಗಟ್ಟಿಯಾಗಿ ಕೂತಿತ್ತು. ಎದ್ದು, ಗೋಡೆಯಿಂದ ಏನೋ ತೆಗೆದು, ನನ್ನ ಕೈಗಿಟ್ಟರು. ಆ ಮೊದಲಿನ ತಗಡಿನ ಜೋಡಿ. ಎರಡನ್ನೂ ಕೂಡಿಸಿ ಬೆಸೆದು, ಸುತ್ತ ಪಟ್ಟಿ ಕಟ್ಟಿ ಒಂದು ಸಾಣಿಗೆ ಮಾಡಿದ್ದರು. ಚೌಕ ಸಾಣಿಗೆ. ಅಂಥದ್ದು ಯಾರ ಮನೆಯಲ್ಲೂ ಇರಲಿಲ್ಲ.

"ಇದಕ್ಕ ಯಾವ ಕಾಳ್ರಿ ಕಾಕಾ?" ಎಂದು ಕೇಳಿದೆ.

"ನಂಗೇನ ಗೊತ್ತು? ನೀ ಹುಡುಕು" ಅಂದರು. "ನಿನ್ನ ಕಾಳ ನೀ ಹುಡಕಿದ್ಯಲ್ಲ, ಹಂಗ."

ಅವರು ಹೋದ ಸುದ್ದಿ ಬಂದದ್ದು ಎರಡು ವರ್ಷದ ನಂತರ. ಟೆಂಪೊ ರಜೆ ಹಾಕಿ ಓಡಿ ಬಂದೆ. ಮಣ್ಣು ಕೊಡುವಲ್ಲಿಗೆ ಹೆಣ್ಣುಮಕ್ಕಳು ಹೋಗುವಂತಿಲ್ಲ. ಅವರ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಕಟ್ಟೆಯ ಮ್ಯಾಲೆ ಕೂತೆ. ಯಾವ ಊರಿನವರೋ, ಸುದ್ದಿ ಗೊತ್ತಿಲ್ಲದ ರೈತರೊಬ್ಬರು ಟಾವೆಲ್ಲಿನ ಗಂಟಿನಲ್ಲಿ ಗೋದಿ ಕಟ್ಟಿಕೊಂಡು ಬಂದು, "ಕಾಕಾ ಎಲ್ಲಿ ಹೋಗ್ಯಾರ್ರಿ?" ಅಂದರು. ನಾನು ಹೇಳಿದೆ. ಅವರು ನಿಂತರು, ಗಂಟು ಬಿಚ್ಚಿದರು, ಆ ಹಿಡಿ ಗೋದಿಯನ್ನು ಬಾಗಿಲ ಮುಂದೆ ಸುರಿದು, ಕೈ ಮುಗಿದು ಹೋದರು. ನಾನು ಅಲ್ಲಿಯತನಕ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ.

ಈಗ ಹುಬ್ಬಳ್ಳಿಯಲ್ಲಿ ಹೆಂಗಸರಿಗೆ ಗಾಡಿ ಹೊಡೆಯಲು ಕಲಿಸುತ್ತೇನೆ. ಗೇರು ತಪ್ಪಿಸಿ, ಗಾಡಿ ಬಂದ್ ಮಾಡಿ, ಹಿಂದಿನವರ ಹಾರ್ನಿಗೆ ಅಳು ಬಂದು, "ನನ್ನ ಕೈಲೆ ಆಗಂಗಿಲ್ರಿ ಅಕ್ಕಾರ" ಅನ್ನುವವರು ದಿನಕ್ಕೊಬ್ಬರು ಇದ್ದೇ ಇರುತ್ತಾರೆ. ಮೊದಲೆಲ್ಲ ನಾನು ರೇಗುತ್ತಿದ್ದೆ. ಈಗ ಗಾಡಿ ಬದಿಗೆ ಹಾಕಿಸಿ, "ನೆಲಾನೂ ಡೊಂಕ ಐತವ್ವಾ, ಮತ್ತ ಚಾಲೂ ಮಾಡು" ಅನ್ನುತ್ತೇನೆ. ಮಾತು ನನ್ನದಲ್ಲ ಎಂದು ಅವರಿಗೆ ಹೇಳುವುದಿಲ್ಲ. ಕಾಕಾನ ಋಣ ತೀರಿಸುವುದಕ್ಕೆ ನನಗೆ ಬೇರೆ ದಾರಿ ಗೊತ್ತಿಲ್ಲ.

ಚೌಕ ಸಾಣಿಗೆ ಅಡಿಗೆಮನೆಯ ಮೊಳೆಯ ಮ್ಯಾಲಿದೆ. ಜೋಳ ಹಾಕಿ ನೋಡಿದೆ, ಆಗಲಿಲ್ಲ. ಹಿಟ್ಟು ಹಾಕಿದೆ, ತರಿ ತರಿ ಬಿತ್ತು. ಬಹಳ ವರ್ಷ ಸುಮ್ಮನೆ ತೂಗಿಕೊಂಡಿತ್ತು. ಒಂದು ಸಂಕ್ರಮಣದ ಮುಂದೆ ಸಣ್ಣ ಧೂಳಿನಂಥ ಮಣ್ಣು ಬೆರೆತ ಎಳ್ಳು ಬಂತು. ಬೇರೆ ಸಾಣಿಗೆಗಳಲ್ಲಿ ಎಳ್ಳೂ ಮಣ್ಣೂ ಕೂಡಿಯೇ ಬೀಳುತ್ತಿದ್ದವು. ಕೊನೆಗೆ ಇದನ್ನು ಇಳಿಸಿ, ಒಂದು ಹಿಡಿ ಹಾಕಿ, ಕಾಕಾ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿ ಸಾಣಿಸಿದೆ. ಸಪ್ಪಳ ಸರಿ ಬಂತು. ಕಣ್ಣು ತೆರೆದು ನೋಡಿದರೆ ಮಣ್ಣೆಲ್ಲ ಕೆಳಗೆ ಬಿದ್ದಿತ್ತು, ಎಳ್ಳು ಒಂದೂ ಬಿದ್ದಿರಲಿಲ್ಲ.